ಮಣ್ಣಿನ ಕವಿ ದೊವ್‌ಝೆಂಕೊ

ಚಲಚ್ಚಿತ್ರವೆಂಬುದು ಹೊತ್ತು ಕಳೆಯುವ ಸಾಧನ, ಸಾಹಿತ್ಯಪತ್ರಿಕೆಯಲ್ಲಿ ಅದರ ಪ್ರಸ್ತಾಪ ಸಲ್ಲದು ಎಂದು ಭಾವಿಸುವವರು ನಮ್ಮ ಉಪಾಧ್ಯಾಯ ವರ್ಗದಲ್ಲಿ ಹಲವರುಂಟು. ಆ ಭಾವನೆಗೆ ಆಧಾರವಿಲ್ಲದಿಲ್ಲ. ಆದರೆ ಒಂದು ಕಲೆಯ ಹೀನ ಕೃತಿಗಳನ್ನು ಮುಂದಿಟ್ಟುಕೊಂಡು ಆ ಕಲೆಗೇ ಬೆಲೆ ಕಟ್ಟುವುದಾದರೆ ಕಾವ್ಯವೂ ಉಳಿಯಲಾರದು, ನಾಟಕವೂ ಉಳಿಯಲಾರದು. ಕಾವ್ಯವನ್ನು ಅದರ ಉತ್ತಮ ಕೃತಿಗಳಿಂದ ಅಳೆಯುವ ನಾವು ಚಲಚ್ಚಿತ್ರಕ್ಕೂ ಅದೇ ನ್ಯಾಯವನ್ನು ಸಲ್ಲಿಸಬೇಕು. ರಸ, ಧ್ವನಿ, ಔಚಿತ್ಯ ಎಂದು ನಮ್ಮ ಹಿರಿಯರು ಕೊಟ್ಟುಹೋದ ಒರೆಗಲ್ಲುಗಳು ಅಕ್ಷರದಲ್ಲಿ ಬರೆದ ಕಾವ್ಯಕ್ಕೆ ಮಾತ್ರ ಮೀಸಲಾದವಲ್ಲ. ಬೆಳಕಿನಲ್ಲಿ ಬರೆದ ಕಾವ್ಯವನ್ನೂ ಅವುಗಳ ಮೇಲೆ ಉಜ್ಜಿ ನೋಡಬಹುದು. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಅಂತಹ ಒಂದು ಪ್ರಯತ್ನ.

ಇದಕ್ಕಾಗಿ ನಾವು ಆರಿಸಿಕೊಂಡವನು ಅಲೆಕ್ಸಾಂಡರ್ ದೊವ್‌ಝೆಂಕೊ. ಸೋವಿಯೆತ್ ಮೂಕಚಿತ್ರಗಳ ಯುಗದಲ್ಲಿ ಐಸೆನ್‌ಸ್ಟೈನ್, ಪುಡೋವ್‌ಕಿನ್ ಎಂಬ ಇಬ್ಬರ ಜೊತೆಗೆ ಮೂರನೆಯವನಾಗಿ ಎಣಿಸಲ್ಪಡುವ ನಿರ್ದೇಶಕ ಇವನು. ಆ ಇಬ್ಬರನ್ನು ಬಿಟ್ಟು ಇವನನ್ನೇ ಆರಿಸಿಕೊಂಡುದಕ್ಕೆ ಕಾರಣಗಳಿವೆ. ಇವನು ಕಲಾವಿದನಾಗುವುದಕ್ಕೆ ಮೊದಲು ನಮ್ಮಂತೆಯೇ ಶಿಕ್ಷಕರ ತರಬೇತಿ ಪಡೆದು ತರಗತಿಯಲ್ಲಿ ನಿಂತು ಪಾಠ ಹೇಳಿದವನು. ಎರಡನೆಯದಾಗಿ, ಇವನ ಮನೆಯ ಮಾತು ಒಂದು, ಸರ್ಕಾರದ ಮಾತು ಇನ್ನೊಂದು. ಈ ಇಬ್ಬಂದಿಯ ಬಿಸಿ ಎಂತಹುದೆಂಬುದನ್ನು ಗಡಿನಾಡಿನ ಕನ್ನಡ ಶಾಲೆಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದುದು. ಇವನ ಶ್ರೇಷ್ಠ ಕೃತಿ ನಮ್ಮ ಮುಂದೆ ಒಂದು ಕಠಿಣವಾದ ಪ್ರಶ್ನೆಯನ್ನು ಇಡುತ್ತದೆ: ಪ್ರಭುತ್ವವು ಕೊಟ್ಟ ಮಾತನ್ನು ಹೇಳಲೆಂದು ಹೊರಟ ಕಲಾವಿದನು ತನ್ನ ನೆಲದ ಮಾತನ್ನು ಹೇಳಿದ್ದರೆ, ಮತ್ತು ಪ್ರಭುತ್ವದ ಆ ಮಾತೇ ಮುಂದೆ ಅದೇ ನೆಲದ ಲಕ್ಷಾಂತರ ಜನರ ಸಾವಿಗೆ ದಾರಿಯಾಗಿದ್ದರೆ, ಆ ಕೃತಿಯನ್ನು ನಾವು ಹೇಗೆ ಓದಬೇಕು?

ಮೊದಲು ಅವನ ಜೀವನದ ಸಂಗತಿಗಳನ್ನು ನೋಡೋಣ. ದೊವ್‌ಝೆಂಕೊ ಹುಟ್ಟಿದುದು 1894ರಲ್ಲಿ, ಅಂದಿನ ರಷ್ಯ ಚಕ್ರಾಧಿಪತ್ಯಕ್ಕೆ ಸೇರಿದ್ದ ಯುಕ್ರೇನ್‌ನ ಚೆರ್ನಿಹಿವ್ ಸೀಮೆಯಲ್ಲಿ. ಸೊಸ್ನಿತ್ಸ ಎಂಬ ಊರಿನ ಅಂಚಿನಲ್ಲಿ, ದೆಸ್ನಾ ನದಿಯ ಬಯಲಿನಲ್ಲಿ ಅವನ ಮನೆ. ತಂದೆ ಪೆತ್ರೊ, ತಾಯಿ ಒದಾರ್ಕ, ಇಬ್ಬರೂ ಓದುಬರಹ ಅರಿಯದ ಬೇಸಾಯಗಾರರು. ಆ ತಾಯಿ ಹೆತ್ತ ಮಕ್ಕಳು ಹದಿನಾಲ್ಕು. ಬೆಳೆದು ದೊಡ್ಡವರಾದವರು ಇಬ್ಬರೇ: ಈ ಮಗ ಮತ್ತು ಒಬ್ಬ ಮಗಳು. ಒಂದೇ ಅಂಗಳದಲ್ಲಿ ತೊಟ್ಟಿಲನ್ನೂ ಚಟ್ಟವನ್ನೂ ಮತ್ತೆ ಮತ್ತೆ ಕಂಡ ಬಾಲ್ಯ ಅದು. ಸಾವನ್ನು ದೊವ್‌ಝೆಂಕೊ ತನ್ನ ಚಿತ್ರಗಳಲ್ಲಿ ಏಕೆ ಅಷ್ಟು ಹತ್ತಿರದಿಂದ, ಅಷ್ಟು ನಿರ್ಭೀತಿಯಿಂದ ನೋಡಿದನೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

1911ರಿಂದ 1914ರ ವರೆಗೆ ಅವನು ಹ್ಲುಖಿವ್ ಪಟ್ಟಣದ ಶಿಕ್ಷಕರ ವಿದ್ಯಾಲಯದಲ್ಲಿ ಕಲಿತನು. ಆ ಕಾಲಕ್ಕೆ ಯುಕ್ರೇನಿಯನ್ ಭಾಷೆಗೆ ಶಾಲೆಯಲ್ಲಿ ಪ್ರವೇಶವಿರಲಿಲ್ಲ. 1876ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನು ಹೊರಡಿಸಿದ ಆಜ್ಞೆಯೊಂದು ಆ ಭಾಷೆಯ ಮುದ್ರಣವನ್ನೇ ಬಹುಮಟ್ಟಿಗೆ ತಡೆದಿತ್ತು. 1905ರ ಕ್ರಾಂತಿಯ ಬಳಿಕ ಅಚ್ಚಿನ ತಡೆ ಸಡಿಲವಾದರೂ ಶಾಲೆಯ ಬಾಗಿಲು ತೆರೆಯಲಿಲ್ಲ. ಮನೆಯಲ್ಲಿ ಯುಕ್ರೇನಿಯನ್ ಆಡಿ ಬೆಳೆದ ಹುಡುಗರನ್ನು ಆರಿಸಿ, ಅವರಿಗೆ ರಷ್ಯನ್ ಭಾಷೆಯಲ್ಲಿ ತರಬೇತಿ ಕೊಟ್ಟು, ತಮ್ಮ ಹಳ್ಳಿಯ ಮಕ್ಕಳಿಗೆ ರಷ್ಯನ್ ಭಾಷೆಯಲ್ಲಿಯೇ ಕಲಿಸಲು ಕಳುಹಿಸುವುದು ಆ ವಿದ್ಯಾಲಯಗಳ ಪದ್ಧತಿ. ದೊವ್‌ಝೆಂಕೊ 1914ರಿಂದ ಝಿತೊಮಿರ್ ಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಪ್ರಕೃತಿವಿಜ್ಞಾನ, ಭೂಗೋಳ, ಇತಿಹಾಸ, ವ್ಯಾಯಾಮ ಎಲ್ಲವನ್ನೂ ಒಬ್ಬನೇ ಹೇಳಿಕೊಡಬೇಕಾಗಿತ್ತು. ಒಬ್ಬನೇ ಉಪಾಧ್ಯಾಯನು ಹಲವು ವಿಷಯಗಳನ್ನು ಹೊತ್ತು ನಡೆಯುವ ಕಷ್ಟ ದೇಶಭೇದವನ್ನು ಅರಿಯದೆಂದು ತೋರುತ್ತದೆ.

1917ರಲ್ಲಿ ರಾಜ್ಯಕ್ರಾಂತಿಯಾಯಿತು. ಉಪಾಧ್ಯಾಯನು ಕೀವ್ ನಗರಕ್ಕೆ ಬಂದನು. ಅಂತರ್ಯುದ್ಧದ ವರ್ಷಗಳಲ್ಲಿ ಆ ನಾಡು ಕೈಯಿಂದ ಕೈಗೆ ಹೋಯಿತು. ದೊವ್‌ಝೆಂಕೊ ಮೊದಲು ಸ್ವತಂತ್ರ ಯುಕ್ರೇನ್ ಗಣರಾಜ್ಯದ ಪಕ್ಷಕ್ಕೆ ಒಲಿದಿದ್ದವನು; 1919ರಲ್ಲಿ ಬೋಲ್ಷೆವಿಕರ ಸೆರೆಗೂ ಸಿಕ್ಕಿದ್ದನು. ಬಳಿಕ ಅವರ ಪಕ್ಷವನ್ನೇ ಸೇರಿ, 1921ರಿಂದ ವಾರ್ಸಾ ಮತ್ತು ಬರ್ಲಿನ್ ನಗರಗಳ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿದನು. ಬರ್ಲಿನ್‌ನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದನು. 1923ರಲ್ಲಿ ಅಂದಿನ ರಾಜಧಾನಿ ಖಾರ್ಕಿವ್‌ಗೆ ಮರಳಿ, ಪತ್ರಿಕೆಯಲ್ಲಿ 'ಸಾಷ್ಕೊ' ಎಂಬ ಹೆಸರಿನಿಂದ ವ್ಯಂಗ್ಯಚಿತ್ರಗಳನ್ನು ಬರೆದನು. ಕೊನೆಗೆ 1926ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಒದೆಸ್ಸ ನಗರದ ಚಿತ್ರಶಾಲೆಯ ಬಾಗಿಲಲ್ಲಿ ಹೋಗಿ ನಿಂತನು. ಚಲಚ್ಚಿತ್ರದ ವಿಷಯದಲ್ಲಿ ಅವನಿಗೆ ಆಗ ಯಾವ ಶಿಕ್ಷಣವೂ ಇರಲಿಲ್ಲ.

ಮೊದಲ ಒಂದೆರಡು ಸಣ್ಣ ಚಿತ್ರಗಳು ಕೈ ಪಳಗಿಸಿಕೊಳ್ಳಲು ಮಾಡಿದವು. 1928ರಲ್ಲಿ ತೆರೆಕಂಡ 'ಜ್ವೆನಿಹೊರಾ' ಎಂಬ ಚಿತ್ರದಿಂದ ಅವನ ನಿಜವಾದ ಬಾಳು ಮೊದಲಾಯಿತು. ಹೂತಿಟ್ಟ ನಿಧಿಯನ್ನು ಕಾಯುವ ಮುದುಕನೊಬ್ಬನ ಸುತ್ತ ನಾಡಿನ ಸಾವಿರ ವರ್ಷಗಳ ಕಥೆಯನ್ನು ಹೆಣೆದ ಕೃತಿ ಅದು. ಅದನ್ನು ಮಾಸ್ಕೊದಲ್ಲಿ ನೋಡಿದ ಐಸೆನ್‌ಸ್ಟೈನನೂ ಪುಡೋವ್‌ಕಿನನೂ ತಮ್ಮ ಸಾಲಿಗೆ ಮೂರನೆಯವನು ಬಂದನೆಂದು ಸಂತೋಷಪಟ್ಟರು. 1929ರಲ್ಲಿ 'ಆರ್ಸೆನಲ್' ಬಂದಿತು, 1930ರಲ್ಲಿ 'ಭೂಮಿ'.

'ಭೂಮಿ' ಒಂದು ಗಂಟೆ ಕಾಲು ಗಂಟೆಯಷ್ಟು ಹೊತ್ತಿನ ಮೂಕಚಿತ್ರ. ಪೊಲ್ತಾವ ಸೀಮೆಯ ಯಾರೆಸ್ಕಿ ಎಂಬ ಹಳ್ಳಿಯಲ್ಲಿ, ಅಲ್ಲಿಯ ಹೊಲ ತೋಟಗಳ ನಡುವೆ, ಊರ ಜನರನ್ನೂ ಸೇರಿಸಿಕೊಂಡು ಇದನ್ನು ತೆಗೆದರು. ಛಾಯಾಗ್ರಾಹಕ ದನಿಲೊ ದೆಮುತ್ಸ್‌ಕಿ. ಕಥೆ ಇಷ್ಟೇ: ಹಳ್ಳಿಯಲ್ಲಿ ಸಾಮೂಹಿಕ ಬೇಸಾಯ ತೊಡಗುತ್ತದೆ. ವಸಿಲ್ ಎಂಬ ತರುಣನು ಪಟ್ಟಣದಿಂದ ಟ್ರ್ಯಾಕ್ಟರನ್ನು ತಂದು, ಅನುಕೂಲಸ್ಥ ರೈತನ ಬದುವಿನ ಮೇಲೆಯೇ ಉಳುತ್ತಾನೆ. ಒಂದು ರಾತ್ರಿ ಆ ರೈತನ ಮಗ ಖೋಮನು ವಸಿಲನನ್ನು ಕೊಲ್ಲುತ್ತಾನೆ. ವಸಿಲನ ತಂದೆ ಒಪನಾಸನು ಪುರೋಹಿತನನ್ನು ಹಿಂದಕ್ಕೆ ಕಳುಹಿಸಿ, ಊರ ತರುಣರು ಹೊಸ ಹಾಡುಗಳನ್ನು ಹಾಡುತ್ತ ಮಗನನ್ನು ಮಣ್ಣು ಮಾಡಲೆಂದು ಕೇಳಿಕೊಳ್ಳುತ್ತಾನೆ. ಊರಿಗೆ ಊರೇ ಮೆರವಣಿಗೆಯಲ್ಲಿ ಬರುತ್ತದೆ. ಕೊನೆಯಲ್ಲಿ ಮಳೆ.

ಇದು ವಾಚ್ಯಾರ್ಥ. ಇಷ್ಟನ್ನೇ ಹಿಡಿದುಕೊಂಡರೆ ಸರ್ಕಾರದ ಯೋಜನೆಯೊಂದನ್ನು ಹೊಗಳುವ ಚಿತ್ರವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ವಾಚ್ಯಾರ್ಥವು ಮುಗಿದ ಮೇಲೂ ಮನಸ್ಸಿನಲ್ಲಿ ಅನುರಣಿಸುವ ಅರ್ಥವೊಂದುಂಟು. ಆನಂದವರ್ಧನನು ಅದನ್ನೇ ಕಾವ್ಯದ ಆತ್ಮವೆಂದನು. 'ಭೂಮಿ'ಯಲ್ಲಿ ಆ ಅರ್ಥ ಎಲ್ಲಿದೆಯೆಂಬುದನ್ನು ಹುಡುಕಬೇಕು.

ಚಿತ್ರವು ತೊಡಗುವುದು ಟ್ರ್ಯಾಕ್ಟರಿನಿಂದಲ್ಲ, ಗಾಳಿಗೆ ಅಲೆಯಲೆಯಾಗಿ ತೂಗುವ ಪೈರಿನಿಂದ. ಬಳಿಕ ಸೂರ್ಯಕಾಂತಿಯ ಹೂ, ಅದರ ಪಕ್ಕದಲ್ಲಿ ಒಬ್ಬ ಹುಡುಗಿಯ ಮುಖ, ಹಣ್ಣು ತುಂಬಿದ ಕೊಂಬೆಗಳು. ಆ ಮರಗಳ ಕೆಳಗೆ, ಉದುರಿದ ಸೇಬುಗಳ ನಡುವೆ, ಸೆಮೆನ್ ಎಂಬ ಮುದುಕನು ಸಾಯಲೆಂದು ಮಲಗಿದ್ದಾನೆ. ಎತ್ತು ಕಟ್ಟಿ ಬಾಳೆಲ್ಲ ನೆಲ ಉತ್ತವನು. ಸುತ್ತ ಮಗ, ಮೊಮ್ಮಗ, ಪಕ್ಕದಲ್ಲಿ ಹಣ್ಣಿನೊಡನೆ ಆಡುವ ಕೂಸು, ಎದುರಿಗೆ ಹಳೆಯ ಗೆಳೆಯ ಪೆತ್ರೊ. ಪರಲೋಕದಲ್ಲಿ ಹೇಗಿದೆಯೆಂಬುದನ್ನು ಸತ್ತ ಮೇಲೆ ತಿಳಿಸಬೇಕೆಂದು ಆ ಗೆಳೆಯನು ತಮಾಷೆಯಾಗಿ ಕೇಳಿಕೊಳ್ಳುತ್ತಾನೆ. ಸಾಯುವವನಿಗೆ ಏನಾದರೂ ತಿನ್ನಬೇಕೆನಿಸುತ್ತದೆ. ಒಂದು ಹಣ್ಣನ್ನು ತಿಂದು, ನಕ್ಕು, ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. ಅಲ್ಲಿ ಅಳುವವರಿಲ್ಲ. ಮಾಗಿದ ಹಣ್ಣು ತೊಟ್ಟು ಕಳಚಿದಂತಹ ಸಾವು ಅದು.

ಸಾವನ್ನು ಆಲಂಬನವಾಗಿಟ್ಟುಕೊಂಡು ಕರುಣವನ್ನು ಎಬ್ಬಿಸುವುದು ಸುಲಭ. ಶಾಂತವನ್ನು ಎಬ್ಬಿಸುವುದು ಕಷ್ಟ. ದೊವ್‌ಝೆಂಕೊ ಚಿತ್ರದ ಮೊದಲ ಹತ್ತು ನಿಮಿಷಗಳಲ್ಲಿಯೇ ಆ ಕಷ್ಟವಾದುದನ್ನು ಸಾಧಿಸಿಬಿಡುತ್ತಾನೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹಳೆಯದನ್ನು ಅಳಿಸಿ ಹೊಸದನ್ನು ನಿಲ್ಲಿಸುವುದು ಈ ಚಿತ್ರದ ಉದ್ದೇಶವಾಗಿದ್ದರೆ, ಹಳೆಯ ಬಾಳಿನ ಪ್ರತಿನಿಧಿಯಾದ ಮುದುಕನ ಸಾವನ್ನು ಇಷ್ಟು ಪೂರ್ಣವಾಗಿ, ಇಷ್ಟು ತೃಪ್ತವಾಗಿ ತೋರಿಸಬಾರದಾಗಿತ್ತು. ಎತ್ತಿನ ಕಾಲದ ಬಾಳಿಗೆ ಏನೋ ಕೊರತೆಯಿತ್ತೆಂದು ಆ ಮುದುಕನ ಮುಖವನ್ನು ನೋಡಿದವರು ಹೇಳಲಾರರು.

ಮುಂದಿನ ಟ್ರ್ಯಾಕ್ಟರಿನ ಪ್ರಸಂಗವಂತೂ ಹಾಸ್ಯರಸದಿಂದ ತುಂಬಿದೆ. ಇಡೀ ಊರು ಯಂತ್ರದ ದಾರಿ ಕಾಯುತ್ತಿರುವಾಗ ಯಂತ್ರವು ನೀರು ಬತ್ತಿ ನಡುದಾರಿಯಲ್ಲಿ ನಿಲ್ಲುತ್ತದೆ. ಹಳ್ಳಿಯ ಗಂಡಸರು ತಮ್ಮ ದೇಹದ ನೀರನ್ನೇ ಎರೆದು ಅದನ್ನು ಓಡಿಸುತ್ತಾರೆ. ಇದನ್ನು ಅಸಭ್ಯವೆಂದು ಅಧಿಕಾರಿಗಳು ಕತ್ತರಿಸಿ ಹಾಕಿದರು. ನಮಗೆ ತೋರುವಂತೆ ಅಲ್ಲಿ ಅಸಭ್ಯತೆಯಿಲ್ಲ, ಅರ್ಥವಿದೆ: ಕಬ್ಬಿಣವು ತಾನಾಗಿ ನಡೆಯದು, ಮನುಷ್ಯದೇಹವೇ ಅದನ್ನು ನಡೆಸಬೇಕು. ಯಂತ್ರವನ್ನು ದೇವರ ಪೀಠದಲ್ಲಿ ಕೂರಿಸಬೇಕೆಂದಿದ್ದ ಅಧಿಕಾರಿಗಳಿಗೆ ಈ ನಗು ಹಿಡಿಸದಿದ್ದುದು ಸಹಜವೇ.

ವಸಿಲನ ಸಾವಿನ ದೃಶ್ಯವನ್ನು ಕಂಡವರು ಮರೆಯಲಾರರು. ಬೇಸಗೆಯ ಇರುಳು. ಊರಿನ ಪ್ರೇಮಿಗಳು ಜೋಡಿಜೋಡಿಯಾಗಿ ಮಾತಿಲ್ಲದೆ, ಅಲುಗದೆ ನಿಂತಿದ್ದಾರೆ. ವಸಿಲನು ಒಬ್ಬನೇ ಧೂಳುದಾರಿಯಲ್ಲಿ ಮನೆಗೆ ನಡೆಯುತ್ತಾನೆ. ನಡಿಗೆ ಮೆಲ್ಲನೆ ಕುಣಿತವಾಗುತ್ತದೆ. ಬೆಳುದಿಂಗಳಲ್ಲಿ ಧೂಳೆಬ್ಬಿಸುತ್ತ, ಯಾರೂ ನೋಡದ ಸಂತೋಷದಲ್ಲಿ ಕುಣಿಯುತ್ತ ಬರುವವನು ಇದ್ದಕ್ಕಿದ್ದಂತೆ ಬೀಳುತ್ತಾನೆ. ದೂರದಲ್ಲಿ ಮೇಯುತ್ತಿದ್ದ ಕುದುರೆ ತಲೆಯೆತ್ತುತ್ತದೆ. ಕೊಲೆಗಾರನ ಕೈಯಾಗಲಿ ರಕ್ತವಾಗಲಿ ಕಾಣುವುದಿಲ್ಲ. ಮೂಕಚಿತ್ರವಾದುದರಿಂದ ಗುಂಡಿನ ಸದ್ದಿಲ್ಲ. ಆ ಸದ್ದನ್ನು ನಾವು ಕುದುರೆಯ ಕತ್ತಿನಲ್ಲಿ ಕೇಳುತ್ತೇವೆ. ಹೇಳದೆ ಹೇಳುವುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಮೂಕಚಿತ್ರಗಳಲ್ಲಿ ನಮಗೆ ತೋರದು.

ಶವವನ್ನು ತೆರೆದ ಪೆಟ್ಟಿಗೆಯಲ್ಲಿಟ್ಟು ಹೊತ್ತೊಯ್ಯುವಾಗ ಸೇಬಿನ ಕೊಂಬೆಗಳು ಬಾಗಿ ಸತ್ತವನ ಮುಖವನ್ನು ಸವರುತ್ತವೆ. ಅದೇ ಹೊತ್ತಿನಲ್ಲಿ ಒಬ್ಬಳಿಗೆ ಹೆರಿಗೆಯ ನೋವು. ವಸಿಲನನ್ನು ಮದುವೆಯಾಗಬೇಕಾಗಿದ್ದವಳು ಮನೆಯೊಳಗೆ ದುಃಖದಿಂದ ಹುಚ್ಚಳಂತಾಗಿದ್ದಾಳೆ. ಕೊನೆಯಲ್ಲಿ ಮಳೆ ಸುರಿದು ಸೇಬುಗಳ ಮೇಲೆ, ಕಲ್ಲಂಗಡಿಗಳ ಮೇಲೆ ನೀರು ಇಳಿಯುತ್ತದೆ. ಆ ಹುಡುಗಿ ಇನ್ನೊಬ್ಬನ ತೋಳಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಹೀಗೆ ಮುದುಕನ ಸಾವಿನಲ್ಲಿ ಒಮ್ಮೆ, ತರುಣನ ಶವಯಾತ್ರೆಯಲ್ಲಿ ಒಮ್ಮೆ, ಕೊನೆಯ ಮಳೆಯಲ್ಲಿ ಒಮ್ಮೆ ಸೇಬು ಬರುತ್ತದೆ. ಹಾಡಿನ ಪಲ್ಲವಿಯಂತೆ ಅದು ಮರಳಿ ಮರಳಿ ಬಂದಾಗಲೆಲ್ಲ ಅರ್ಥ ಹೆಚ್ಚುತ್ತದೆ. ಟ್ರ್ಯಾಕ್ಟರು ತನ್ನ ಪಾಲಿನ ಕೆಲಸವನ್ನು ಮುಗಿಸಿ ಮರೆಯಾಗುತ್ತದೆ, ಪಲ್ಲವಿಯಾಗುವುದಿಲ್ಲ. ಇಡೀ ಚಿತ್ರದ ಧ್ವನಿಯು ಎಲ್ಲಿದೆಯೆಂಬುದಕ್ಕೆ ಇದೇ ಸಾಕ್ಷಿ. ಐಸೆನ್‌ಸ್ಟೈನನು ದೃಶ್ಯವನ್ನು ದೃಶ್ಯಕ್ಕೆ ತಾಗಿಸಿ ಕಿಡಿ ಹಾರಿಸಿದನು, ಪುಡೋವ್‌ಕಿನನು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ ಕಟ್ಟಿದನು, ದೊವ್‌ಝೆಂಕೊ ಹಾಡಿದನು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ಕೆಲಸ ಹೊಗಳಿಕೆಯಾಗುತ್ತದೆ, ವಿಮರ್ಶೆಯಾಗುವುದಿಲ್ಲ. 'ಭೂಮಿ'ಯಲ್ಲಿ ಮುದುಕನಿಗೂ, ಕುದುರೆಗೂ, ಸೇಬಿಗೂ ದೊರೆತ ಪ್ರೀತಿಯು ಖೋಮನಿಗೂ ಅವನ ಮನೆಯವರಿಗೂ ದೊರೆಯುವುದಿಲ್ಲ. ಅವರು ಬೊಬ್ಬೆಯಿಡುತ್ತಾರೆ, ಎಗರಾಡುತ್ತಾರೆ. ಕೊನೆಯಲ್ಲಿ ಖೋಮನು ಹುಚ್ಚನಂತೆ ಓಡಿ, ತಲೆಯನ್ನು ಮಣ್ಣಿಗೆ ತಿವಿದು, ತಾನು ಕೊಂದವನ ಕುಣಿತವನ್ನೇ ಅಣಕಿಸಿ ಕುಣಿಯುತ್ತಾನೆ. ಅವನ ಕೂಗನ್ನು ಕೇಳುವವರಿಲ್ಲ. ಉಳಿದವರೆಲ್ಲ ಮಹಾಕಾವ್ಯದ ಜನ. ಇವರು ಮಾತ್ರ ವ್ಯಂಗ್ಯಚಿತ್ರದ ಜನ. ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಹಳೆಯ ಕೈ ಇಲ್ಲಿ ಕೆಲಸ ಮಾಡಿದೆ. ಕ್ಷೇಮೇಂದ್ರನ ಮಾತಿನಲ್ಲಿ ಹೇಳುವುದಾದರೆ ಇದು ಔಚಿತ್ಯಭಂಗ.

ಆದರೆ ಈ ದೋಷವು ಕೇವಲ ಕಲಾದೋಷವಾಗಿ ಉಳಿಯಲಿಲ್ಲವೆಂಬುದೇ ದುಃಖದ ಸಂಗತಿ. ಚಿತ್ರವು ಸಿದ್ಧವಾಗುತ್ತಿದ್ದ 1929ರ ಕೊನೆಯ ದಿನಗಳಲ್ಲಿಯೇ ಸ್ಟಾಲಿನನು ಅನುಕೂಲಸ್ಥ ರೈತರನ್ನು ಒಂದು ವರ್ಗವಾಗಿ ನಿರ್ಮೂಲ ಮಾಡುವುದಾಗಿ ಸಾರಿದನು. ಅಂತಹ ಸಂಸಾರಗಳನ್ನು ಮಕ್ಕಳುಮರಿ ಸಹಿತ ಉತ್ತರದ ಕಾಡುಗಳಿಗೂ ಸೈಬೀರಿಯಕ್ಕೂ ಸಾಗಿಸಿದರು. ಬಡವ ಬಲ್ಲಿದನೆನ್ನದೆ ಎಲ್ಲರ ಧಾನ್ಯವನ್ನೂ ಕಿತ್ತೊಯ್ದರು. 1932–33ರಲ್ಲಿ ಯುಕ್ರೇನ್‌ನಲ್ಲಿ ಬಿದ್ದ ಮಹಾಕ್ಷಾಮಕ್ಕೆ ಮಳೆಯ ಅಭಾವವು ಮುಖ್ಯ ಕಾರಣವಲ್ಲ, ಆಳುವವರ ನೀತಿಯೇ ಕಾರಣ. ಜನಸಂಖ್ಯಾಶಾಸ್ತ್ರಜ್ಞರ ಅಂದಾಜಿನಂತೆ ಅದರಲ್ಲಿ ಸತ್ತವರು 35ರಿಂದ 39 ಲಕ್ಷ. 'ಭೂಮಿ'ಯ ತೆನೆಗಳು ತೂಗಿದ ಪೊಲ್ತಾವ ಸೀಮೆಯೂ ಆ ಕ್ಷಾಮಕ್ಕೆ ತುತ್ತಾಯಿತು. ಹಣ್ಣಿನ ರಾಶಿಯ ನಡುವೆ ಸೆಮೆನನು ನಗುತ್ತ ಸತ್ತ ನೆಲದಲ್ಲಿ ಮೂರು ವರ್ಷಗಳೊಳಗೆ ಜನರು ತೊಗಟೆ ತಿಂದು ಸತ್ತರು.

ಇದನ್ನು ತಿಳಿದ ಮೇಲೆ 'ಭೂಮಿ'ಯನ್ನು ಮೊದಲಿನಂತೆ ನೋಡುವುದು ಸಾಧ್ಯವಿಲ್ಲ, ನೋಡಲೂ ಬಾರದು. ಕಲಾವಿದನು ಮುಂದಾಗುವುದನ್ನು ಅರಿತಿರಲಿಲ್ಲವೆಂದು ವಾದಿಸಬಹುದು. ನಿಜ, 1929ರ ಬೇಸಗೆಯಲ್ಲಿ ಯಾರೂ ಅಷ್ಟನ್ನು ಅರಿತಿರಲಾರರು. ಆದರೂ ನೆರೆಯವನನ್ನು ಮನುಷ್ಯನಲ್ಲವೆಂಬಂತೆ ಚಿತ್ರಿಸಿದುದರಲ್ಲಿ ಕಲಾವಿದನ ಪಾಲಿದೆ. ಗಡೀಪಾರಾದ ಸಂಸಾರಗಳನ್ನು ಕುರಿತು ಊರು ಮರುಗದಂತೆ ಮಾಡಬೇಕಾದರೆ ಮೊದಲು ಅವರನ್ನು ನಗೆಪಾಟಲು ಮಾಡಬೇಕು. ಆ ಕೆಲಸದಲ್ಲಿ ಈ ಚಿತ್ರವೂ ಒಂದು ಕೈ ಹಾಕಿತು. ಮಣ್ಣನ್ನು ಅಷ್ಟೊಂದು ಪ್ರೀತಿಸಿದವನು ಆ ಮಣ್ಣಿನ ಒಂದು ಪಾಲು ಮಕ್ಕಳನ್ನು ಪ್ರೀತಿಯಿಂದ ಹೊರಗಿಟ್ಟನು. ನಮ್ಮ ತೀರ್ಪು ಇದು: ಮುದುಕನನ್ನು ನೋಡುವಾಗ 'ಭೂಮಿ' ಸತ್ಯವನ್ನು ನುಡಿಯುತ್ತದೆ, ಖೋಮನನ್ನು ನೋಡುವಾಗ ಸುಳ್ಳನ್ನು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಸತ್ಯದ ಭಾಗಕ್ಕಾಗಿ ಸುಳ್ಳನ್ನು ಮನ್ನಿಸಬಾರದು. ಸುಳ್ಳಿನ ಭಾಗಕ್ಕಾಗಿ ಸತ್ಯವನ್ನು ಎಸೆಯಲೂ ಬಾರದು.

ವಿಚಿತ್ರವೆಂದರೆ ಅಂದಿನ ಆಳುವವರು ಈ ಚಿತ್ರವನ್ನು ದೂರಿದುದು ತೀರ ವಿರುದ್ಧವಾದ ಕಾರಣಕ್ಕೆ. ವರ್ಗಗಳ ಹೋರಾಟಕ್ಕಿಂತ ಹುಟ್ಟುಸಾವುಗಳ ಚಿಂತನೆಯೇ ಹೆಚ್ಚಾಯಿತು ಎಂದರು. ಸರ್ಕಾರಕ್ಕೆ ಬೇಕಾದವನಾಗಿದ್ದ ಕವಿ ದೆಮ್ಯಾನ್ ಬೆದ್ನಿ 1930ರ ಏಪ್ರಿಲಿನಲ್ಲಿ 'ಇಜ್ವೆಸ್ತಿಯಾ' ಪತ್ರಿಕೆಯಲ್ಲಿ ದೀರ್ಘವಾದ ಅಪಹಾಸ್ಯದ ಪದ್ಯವನ್ನು ಪ್ರಕಟಿಸಿದನು. ಅದೇ ತಿಂಗಳ 8ರಂದು ಕೀವ್‌ನಲ್ಲಿ ತೆರೆಕಂಡ ಚಿತ್ರವನ್ನು ಕೆಲವೇ ದಿನಗಳಲ್ಲಿ ಹಿಂತೆಗೆದರು. ಆ ಹೊಡೆತದಿಂದ ತಾನು ಒಮ್ಮೆಗೇ ಮುದುಕನಾದೆನೆಂಬ ಅರ್ಥದಲ್ಲಿ ದೊವ್‌ಝೆಂಕೊ ಮುಂದೆ ಬರೆದುಕೊಂಡನು. ಛಾಯಾಗ್ರಾಹಕ ದೆಮುತ್ಸ್‌ಕಿ ಕೆಲವು ವರ್ಷಗಳ ಮೇಲೆ ಸೆರೆಗೂ ಗಡೀಪಾರಿಗೂ ಗುರಿಯಾದನು. ಹೊರನಾಡುಗಳಲ್ಲಿ ಮಾತ್ರ ಕೀರ್ತಿ ಬೆಳೆಯಿತು. 1958ರಲ್ಲಿ ಬ್ರಸೆಲ್ಸ್ ನಗರದ ವಿಶ್ವಪ್ರದರ್ಶನದ ಸಂದರ್ಭದಲ್ಲಿ ಹಲವು ದೇಶಗಳ ವಿಮರ್ಶಕರು ಆರಿಸಿದ ಹನ್ನೆರಡು ಶ್ರೇಷ್ಠ ಚಿತ್ರಗಳಲ್ಲಿ 'ಭೂಮಿ'ಯೂ ಒಂದು. ಮೂಲಪ್ರತಿಯು ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿದ್ದರೂ 1971ರಲ್ಲಿ ಉಳಿದ ಪ್ರತಿಗಳಿಂದ ಅದನ್ನು ಸರಿಪಡಿಸಿ ಉಳಿಸಿಕೊಂಡರು.

'ಭೂಮಿ'ಯ ತರುವಾಯ ದೊವ್‌ಝೆಂಕೊವಿನ ಬಾಳು ಇಳಿಜಾರಿನ ಬಾಳು. ನೀಪರ್ ನದಿಯ ಅಣೆಕಟ್ಟನ್ನು ಕುರಿತ 'ಇವಾನ್' (1932) ಅವನ ಮೊದಲ ವಾಕ್ಚಿತ್ರ, ಅದಕ್ಕೂ ಟೀಕೆ. ಸೆರೆಯ ಭಯದಿಂದ ಅವನು ಮಾಸ್ಕೊಗೆ ಹೋಗಿ ನೇರವಾಗಿ ಸ್ಟಾಲಿನನ ಮೊರೆಹೊಕ್ಕನು. ರಕ್ಷಣೆ ದೊರೆಯಿತು, ಆ ರಕ್ಷಣೆಗೆ ಬೆಲೆಯೂ ಇತ್ತು. 'ಆಯೆರೊಗ್ರಾದ್' (1935) ಬಂದ ಮೇಲೆ, ಅಂತರ್ಯುದ್ಧದ ಸೇನಾನಿ ಶ್ಚೋರ್ಸ್ ಎಂಬವನನ್ನು ಕುರಿತು ಚಿತ್ರ ತೆಗೆಯಬೇಕೆಂದು ಸ್ಟಾಲಿನನೇ ಸೂಚಿಸಿದನು. ಆ ಚಿತ್ರವು ಮುಗಿಯಲು 1939 ಬಂದಿತು. 1941ರಲ್ಲಿ ಅದಕ್ಕೆ ಸ್ಟಾಲಿನ್ ಪಾರಿತೋಷಕ. ಅದರಲ್ಲಿ ಅಲ್ಲಲ್ಲಿ ಹಳೆಯ ದೊವ್‌ಝೆಂಕೊ ಮಿಂಚಿ ಮರೆಯಾಗುತ್ತಾನೆ. ಆದರೆ ಆಜ್ಞೆಯಿಂದ ಹುಟ್ಟಿದ ಕಾವ್ಯಕ್ಕೂ ಒಳಗಿನಿಂದ ಹುಟ್ಟಿದ ಕಾವ್ಯಕ್ಕೂ ಇರುವ ಅಂತರವು 'ಶ್ಚೋರ್ಸ್'ನ ಪಕ್ಕದಲ್ಲಿ 'ಭೂಮಿ'ಯನ್ನು ಇಟ್ಟು ನೋಡಿದರೆ ಎಳೆಯರಿಗೂ ತಿಳಿಯುತ್ತದೆ.

ಆದರೂ ಅವನ ನಾಲಗೆ ಪೂರ್ತಿಯಾಗಿ ಕಟ್ಟಿಹೋಗಿರಲಿಲ್ಲ. ಯುದ್ಧಕಾಲದಲ್ಲಿ ಅವನು ರಣರಂಗದ ವರದಿಗಾರನಾಗಿ ತನ್ನ ನಾಡಿನ ಸುಟ್ಟ ಹಳ್ಳಿಗಳನ್ನು ಕಣ್ಣಾರೆ ಕಂಡನು. ಜರ್ಮನರ ವಶದಲ್ಲಿದ್ದ ಕೀವ್‌ನಲ್ಲಿ ಅವನ ತಂದೆ ತೀರಿಕೊಂಡನು. ಆ ಸಂಕಟದಿಂದ 1943ರಲ್ಲಿ 'ಉರಿಯುವ ಯುಕ್ರೇನ್' ಎಂಬ ಚಿತ್ರಕಥೆ ಹುಟ್ಟಿತು. ಹಿಂಜರಿದ ಸೈನ್ಯವು ಹಿಂದೆ ಬಿಟ್ಟುಹೋದ ಹಳ್ಳಿಗಳು, ಜೀತಕ್ಕೆಂದು ಜರ್ಮನಿಗೆ ಸಾಗಿಸಲ್ಪಟ್ಟ ಹೆಣ್ಣುಮಕ್ಕಳು, ತಮ್ಮವರಿಂದಲೇ ದ್ರೋಹಿಗಳೆಂಬ ಹೆಸರನ್ನು ಹೊತ್ತವರು, ಇವರ ಕಥೆ ಅದು. 1944ರ ಜನವರಿಯ ಕೊನೆಯಲ್ಲಿ ಸ್ಟಾಲಿನನು ಅವನನ್ನು ಕ್ರೆಮ್ಲಿನ್‌ಗೆ ಕರೆಸಿ, ಪಕ್ಷದ ಹಿರಿಯರ ಎದುರಿನಲ್ಲಿ ಆ ಕೃತಿಯನ್ನು ರಾಷ್ಟ್ರೀಯತಾವಾದದ ಅಪರಾಧವೆಂದು ಖಂಡಿಸಿದನು. ದೊವ್‌ಝೆಂಕೊ ಕೀವ್ ಚಿತ್ರಶಾಲೆಯ ಹುದ್ದೆಯನ್ನು ಕಳೆದುಕೊಂಡನು. ತನ್ನ ನಾಡಿಗೆ ಮರಳಿ ಅಲ್ಲಿ ಚಿತ್ರ ತೆಗೆಯುವ ಅವಕಾಶವು ಅವನಿಗೆ ಮತ್ತೆ ಬರಲಿಲ್ಲ. 1933ರ ಕ್ಷಾಮದ ವಿಷಯದಲ್ಲಿ ಬಹಿರಂಗವಾಗಿ ತುಟಿ ತೆರೆಯದಿದ್ದವನು 1943ರಲ್ಲಿ ತೆರೆದನು. ಅದಕ್ಕೆ ತೆತ್ತ ದಂಡವನ್ನು ನೋಡಿದರೆ ಹತ್ತು ವರ್ಷಗಳ ಹಿಂದಿನ ಮೌನವು ಹೇಗೆ ಬಂದಿತೆಂಬುದೂ ಅರ್ಥವಾಗುತ್ತದೆ. ಅರ್ಥವಾಗುವುದು ಬೇರೆ, ಒಪ್ಪಿಗೆಯಾಗುವುದು ಬೇರೆ. ಈ ಎರಡನ್ನೂ ಬೆರೆಸಬಾರದು.

ಯುದ್ಧಾನಂತರ ಅವನು ಪೂರ್ಣಗೊಳಿಸಿದ ಕಥಾಚಿತ್ರವು ಒಂದೇ: ತೋಟಗಾರ ಮಿಚೂರಿನ್‌ನನ್ನು ಕುರಿತ ವರ್ಣಚಿತ್ರ. ಹೂಬಿಟ್ಟ ತೋಟವು ದೊವ್‌ಝೆಂಕೊವಿಗೆ ತೌರುಮನೆಯಂತಹ ವಸ್ತು. ಆದರೆ ಅದೇ ವೇಳೆಗೆ ಲಿಸೆಂಕೊ ಎಂಬವನ ಮಿಥ್ಯಾವಿಜ್ಞಾನವು ಸರ್ಕಾರದ ಮತವಾಗಿದ್ದುದರಿಂದ ಚಿತ್ರವನ್ನು ಮತ್ತೆ ಮತ್ತೆ ತಿದ್ದಿಸಿದರು. 1949ರಲ್ಲಿ ತೆರೆಗೆ ಬಂದಾಗ ಅದರಲ್ಲಿ ಉಳಿದುದು ತೋಟದ ಚೆಲುವು ಮಾತ್ರ. ಇದಕ್ಕೂ ಪಾರಿತೋಷಕ ಬಂದಿತು. ಮೂವತ್ತು ವರ್ಷಗಳಲ್ಲಿ ಅವನು ಮುಗಿಸಿದ ಕಥಾಚಿತ್ರಗಳು ಹತ್ತರ ಆಸುಪಾಸು. ಮಾಡಿದವುಗಳಿಗಿಂತ ಮಾಡಗೊಡದೆ ಹೋದವುಗಳ ಪಟ್ಟಿಯೇ ಉದ್ದವಾದೀತು.

ಕೆಮರಾ ಕೈತಪ್ಪಿದಾಗ ಲೇಖನಿ ಕೈಗೆ ಬಂದಿತು. 1942ರಿಂದ ಆಗಾಗ ಬರೆದು, 1956ರಲ್ಲಿ ಪ್ರಕಟವಾದ 'ಮಾಯೆಯ ದೆಸ್ನಾ' ಎಂಬ ಬಾಲ್ಯಕಥನವು ಯುಕ್ರೇನಿಯನ್ ಗದ್ಯದ ಅಮೂಲ್ಯ ಕೃತಿಗಳಲ್ಲೊಂದೆಂದು ಹೆಸರಾಗಿದೆ. ಮಾಸ್ಕೊದಲ್ಲಿ ಕುಳಿತು, ರಷ್ಯನ್ ಮಾತಿನ ನಡುವೆ, ಅವನು ತಾಯಿಯ ಮಾತಿನಲ್ಲಿ ತಾಯಿಯ ಹಿತ್ತಿಲನ್ನು ಬರೆದನು: ಸೌತೆ ಕುಂಬಳ ಹಬ್ಬಿದ ಹಿತ್ತಿಲು, ಬೈಗುಳವನ್ನೇ ಹಾಡಿನಂತೆ ಉದುರಿಸುವ ಮುತ್ತಜ್ಜಿ, ಹುಲ್ಲು ಕುಯ್ಯುವ ಗಂಡಸರು, ಪ್ರವಾಹದಲ್ಲಿ ದೋಣಿ ನಡೆಸುವ ಚೆಲುವನಾದ ತಂದೆ. 'ಭೂಮಿ'ಯಲ್ಲಿ ಸಾಯುವ ಸೆಮೆನನ ಹೆಸರು ಅವನ ಸ್ವಂತ ಅಜ್ಜನ ಹೆಸರೆಂಬುದು ಇಲ್ಲಿ ತಿಳಿಯುತ್ತದೆ. ಟ್ರ್ಯಾಕ್ಟರಿಗಿಂತ ಸೇಬು ಏಕೆ ಹೆಚ್ಚಾಯಿತೆಂಬ ನಮ್ಮ ಹಿಂದಿನ ಪ್ರಶ್ನೆಗೆ ಇದು ಕೊನೆಯ ಉತ್ತರ. ಟ್ರ್ಯಾಕ್ಟರು ಕಚೇರಿಯಿಂದ ಬಂದುದು, ಸೇಬು ಮನೆಯಿಂದ ಬಂದುದು.

1956ರ ನವೆಂಬರ್ 25ರಂದು, 'ಕಡಲಿನ ಕಾವ್ಯ' ಎಂಬ ಚಿತ್ರದ ಸಿದ್ಧತೆ ಮುಗಿದು ಚಿತ್ರೀಕರಣವು ತೊಡಗುವ ಹೊತ್ತಿಗೆ, ದೊವ್‌ಝೆಂಕೊ ಹೃದಯಾಘಾತದಿಂದ ತೀರಿಕೊಂಡನು. ನೀಪರ್ ನದಿಗೆ ಕಖೋವ್ಕಾದಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿರುವ ಹಳ್ಳಿಯೊಂದರ ಕಥೆ ಅದು. 'ಭೂಮಿ'ಯಲ್ಲಿ ವಸಿಲನ ತಂಗಿಯಾಗಿ ಅಭಿನಯಿಸಿದ್ದ ಅವನ ಪತ್ನಿ ಯೂಲಿಯಾ ಸೊಲ್ನ್‌ತ್ಸೆವಾ ಅದನ್ನು 1958ರಲ್ಲಿ ಪೂರ್ಣಗೊಳಿಸಿದಳು. ಅವನ ಇನ್ನೊಂದು ಚಿತ್ರಕಥೆಯನ್ನು ತೆರೆಗೆ ತಂದು 1961ರಲ್ಲಿ ಕಾನ್ ಚಿತ್ರೋತ್ಸವದ ಉತ್ತಮ ನಿರ್ದೇಶನದ ಪಾರಿತೋಷಕವನ್ನು ಪಡೆದಳು. ಆ ಗೌರವವನ್ನು ಪಡೆದ ಮೊದಲ ಮಹಿಳೆ ಅವಳೇ. ಕಖೋವ್ಕಾದ ಆ ಅಣೆಕಟ್ಟು 2023ರ ಜೂನ್ 6ರಂದು ಯುದ್ಧದ ನಡುವೆ ಒಡೆದು, ಅರುವತ್ತೇಳು ವರ್ಷ ನೀರಿನಡಿಯಲ್ಲಿದ್ದ ನೆಲವು ಮತ್ತೆ ಬಿಸಿಲು ಕಂಡಿತು. ಕೀವ್ ಚಿತ್ರಶಾಲೆಗೆ 1957ರಲ್ಲಿ ಅವನ ಹೆಸರನ್ನಿಟ್ಟರು. ಬದುಕಿರುವಾಗ ಅಲ್ಲಿಂದ ಹೊರಗಾದವನಿಗೆ ಸತ್ತ ಮರುವರ್ಷ ಸಂದ ಗೌರವ ಅದು.

ಅವನು ಕೊನೆಯ ವರೆಗೂ ಉಪಾಧ್ಯಾಯನಾಗಿಯೂ ಉಳಿದನೆಂಬುದನ್ನು ನಮ್ಮ ವಾಚಕರು ಮರೆಯಬಾರದು. ಮಾಸ್ಕೊದ ಚಲಚ್ಚಿತ್ರ ವಿದ್ಯಾಲಯದಲ್ಲಿ ಅವನ ಕೊನೆಯ ತರಗತಿಗೆ 1955ರಲ್ಲಿ ಹದಿನಾರು ಹದಿನೇಳರ ಹುಡುಗಿಯೊಬ್ಬಳು ಸೇರಿದಳು. ಲಾರಿಸಾ ಶೆಪಿತ್ಕೊ ಎಂಬ ಆಕೆ ಗುರುವಿನಡಿಯಲ್ಲಿ ಕಲಿತುದು ಸುಮಾರು ಒಂದೂವರೆ ವರ್ಷ ಮಾತ್ರ. ಪ್ರತಿಯೊಂದು ಚಿತ್ರವನ್ನೂ ಅದೇ ಕೊನೆಯದೆಂಬಂತೆ ಮಾಡಬೇಕೆಂಬ ಅವನ ಉಪದೇಶವನ್ನು ಆಕೆ ಬಾಳೆಲ್ಲ ನೆನೆದಳು. 1977ರಲ್ಲಿ ಆಕೆಯ 'ಆರೋಹಣ' ಎಂಬ ಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪಾರಿತೋಷಕ ಬಂದಿತು. ಶತ್ರುವಿನ ಕೈಗೆ ಸಿಕ್ಕ ಇಬ್ಬರಲ್ಲಿ ಒಬ್ಬನು ಪ್ರಾಣಕ್ಕಾಗಿ ಮಣಿಯುತ್ತಾನೆ, ಇನ್ನೊಬ್ಬನು ಮಣಿಯದೆ ಸಾಯುತ್ತಾನೆ ಎಂಬುದು ಅದರ ಕಥೆ. ಹಾಗೆ ಮಣಿಯದೆ ಸಾಯುವವನು ಒಬ್ಬ ಉಪಾಧ್ಯಾಯ. ಗುರುವಿನ ಬಾಳನ್ನು ಕಾಡಿದ ಪ್ರಶ್ನೆಯನ್ನೇ ಶಿಷ್ಯೆ ನೇರವಾಗಿ ಎತ್ತಿಕೊಂಡಂತೆ ನಮಗೆ ತೋರುತ್ತದೆ.

ಇನ್ನು ನಮ್ಮ ತರಗತಿಯ ಮಾತು. 'ಭೂಮಿ' ಮೂಕಚಿತ್ರವಾದುದರಿಂದ ಅದನ್ನು ನೋಡಲು ಯಾವ ಭಾಷೆಯೂ ಅಡ್ಡಿಯಲ್ಲ. ಅನುಕೂಲವಿದ್ದ ಶಾಲೆಯವರು ಮೇಲಿನ ತರಗತಿಯ ಮಕ್ಕಳಿಗೆ ಅದರ ಮೊದಲ ಹತ್ತು ನಿಮಿಷಗಳನ್ನಾದರೂ ತೋರಿಸಿ, ಕಂಡುದನ್ನು ತಮ್ಮ ಮಾತಿನಲ್ಲಿ ಬರೆಯಹೇಳಬಹುದು. ಬಳಿಕ ಆ ನಾಡಿಗೆ ಮೂರು ವರ್ಷಗಳಲ್ಲಿ ಏನಾಯಿತೆಂಬುದನ್ನೂ ಹೇಳಬೇಕು. ಚೆಲುವನ್ನು ಕಾಣಲು ಕಲಿಸಿ ಸತ್ಯವನ್ನು ಮರೆಮಾಡುವುದು, ಸತ್ಯವನ್ನು ಹೇಳಿ ಚೆಲುವಿಗೆ ಕಣ್ಣು ಮುಚ್ಚಿಸುವುದು, ಎರಡೂ ಅರೆಪಾಠ.

ಉಪಾಧ್ಯಾಯರು 'ಮಾಯೆಯ ದೆಸ್ನಾ'ದಲ್ಲಿ ಬರುವ ಒಂದು ಪ್ರಸಂಗವನ್ನೂ ತಿಳಿದಿರುವುದು ಒಳ್ಳೆಯದು. ಓದುಬರಹ ಬಾರದ ತಂದೆ ಮಗನನ್ನು ಶಾಲೆಗೆ ಸೇರಿಸಲು ಕರೆತಂದಿದ್ದಾನೆ. ಗುರುಗಳ ಎದುರಿನಲ್ಲಿ ಹುಡುಗ ಹೆದರಿ ನಿಂತಿದ್ದಾನೆ. ನಿನ್ನ ತಂದೆಯ ಹೆಸರೇನೆಂದು ಅವರು ಕೇಳಿದುದಕ್ಕೆ ಹುಡುಗನಿಗೆ ಹೊಳೆದ ಉತ್ತರ ಒಂದೇ: ಅಪ್ಪ. ಈ ಹುಡುಗನಿಗೆ ಬುದ್ಧಿ ಬೆಳೆದಿಲ್ಲವೆಂದು ಗುರುಗಳು ತೀರ್ಪು ಕೊಟ್ಟುಬಿಡುತ್ತಾರೆ. ಹುಡುಗನು ಮುಂದೆ ಏನಾದನೆಂಬುದನ್ನು ಮೇಲೆ ವಿವರಿಸಿದ್ದೇವೆ. ಹೊಸ ವರ್ಷದ ದಾಖಲೆಗೆ ಹಳ್ಳಿಯ ಮಕ್ಕಳು ತಂದೆಯ ಬೆರಳು ಹಿಡಿದು ಬಂದು ನಮ್ಮ ಮೇಜಿನ ಎದುರು ನಿಂತಾಗ, ಅವರ ಬಾಯಿಂದ ಬಂದ ಮೊದಲ ಉತ್ತರವನ್ನು ಕೇಳಿ ಹಾಜರಿಪುಸ್ತಕದ ಆಚೆಗೆ ಯಾವ ತೀರ್ಪನ್ನೂ ಬರೆದಿಡದಿರೋಣ.